ಮೂಸಿ ಪ್ರವಾಹ ಮತ್ತು ಸಲಹಾ ಎಂಜಿನಿಯರ್: 1909ರ ಹೈದರಾಬಾದ್ ನೇಮಕದ ಮರು ಓದು

ನಗರಾಡಳಿತಗಳು ಪರಿಸರ ಎಂಜಿನಿಯರಿಂಗ್ ಸಲಹೆಗಾರರನ್ನು ನೇಮಿಸಿಕೊಳ್ಳುವ ಕ್ರಮದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಪಾಲು ಯಾರನ್ನು ಆರಿಸಬೇಕು, ಎಷ್ಟು ಶುಲ್ಕ ಕೊಡಬೇಕು ಎಂಬಲ್ಲಿಗೇ ಮುಗಿಯುತ್ತದೆ. ಆಯ್ಕೆಯಾದವರಿಗೆ ಒಪ್ಪಿಸುವ ಕೆಲಸದ ವ್ಯಾಪ್ತಿಯನ್ನು, ಅಂದರೆ ಕಚೇರಿಗಳಲ್ಲಿ ಟಿಒಆರ್ ಎಂದು ಕರೆಯುವ ಪತ್ರವನ್ನು, ಯಾರೂ ಅಷ್ಟು ಕಾಳಜಿಯಿಂದ ಓದುವುದಿಲ್ಲ. ಸಲಹೆಯ ಗುಣಮಟ್ಟ ಬಹುಮಟ್ಟಿಗೆ ಈ ಪತ್ರದಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ಈ ಲೇಖನದ ವಾದ. ಇದಕ್ಕೆ ನಾನು ಆಧಾರವಾಗಿ ಆರಿಸಿಕೊಂಡಿರುವುದು, 1909ರಲ್ಲಿ ನಿಜಾಮರ ಸರ್ಕಾರ ಎಂ. ವಿಶ್ವೇಶ್ವರಯ್ಯನವರನ್ನು ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡ ಪ್ರಸಂಗವನ್ನು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದ್ ನಗರಕ್ಕೆ ನುಗ್ಗಿ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತು. ನಗರದ ಹೊರಗಿನ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು ಮಳೆ ದಾಖಲಾಗಿತ್ತು. ಆದರೆ ಅನಾಹುತಕ್ಕೆ ಮಳೆಯೊಂದೇ ಕಾರಣವಲ್ಲ. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದವು. ಮೇಲಿನ ಕೆರೆಯ ಏರಿ ಕಿತ್ತುಹೋದಾಗ ಆ ನೀರೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಅದರ ಕೋಡಿಗೆ ಅಷ್ಟು ನೀರನ್ನು ಸಾಗಿಸುವ ಶಕ್ತಿ ಇರುವುದಿಲ್ಲ. ನಗರದೊಳಗೆ ನಿಂತು ನದಿಯನ್ನು ನೋಡಿದವರಿಗೆ ಈ ಸರಣಿ ಕಾಣುವಂತಿರಲಿಲ್ಲ.

ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಬಯಸಿ ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಹೈದರಾಬಾದಿನ ಆಹ್ವಾನ ತಂತಿಯ ಮೂಲಕ ತಲುಪಿತು. ಪ್ರವಾಸ ಮುಗಿಸಿಯೇ ಬರುವೆನೆಂದರು; ಸರ್ಕಾರ ಕಾಯಿತು. 1909ರ ಏಪ್ರಿಲ್‌ನಲ್ಲಿ ಅವರು ಕೆಲಸಕ್ಕೆ ಸೇರಿದರು. ಅವರಿಗೆ ಒಪ್ಪಿಸಿದ್ದು ಮೂರು ಕೆಲಸ: ನಗರದ ಪುನರ್ನಿರ್ಮಾಣಕ್ಕೆ ಸಲಹೆ ಮತ್ತು ನೆರವು, ಮುಂದಿನ ಪ್ರವಾಹಗಳಿಂದ ರಕ್ಷಣೆಗೆ ಯೋಜನೆ, ಮನೆಮನೆಯ ಸಂಪರ್ಕವೂ ಸೇರಿದಂತೆ ಸಂಪೂರ್ಣ ಒಳಚರಂಡಿ ವ್ಯವಸ್ಥೆ.

ಈ ಕೆಲಸದ ಪಟ್ಟಿಯಲ್ಲಿ ಇಲ್ಲದಿರುವುದೂ ಮುಖ್ಯ. ನದಿಯ ಎರಡೂ ದಂಡೆಗೆ ಗೋಡೆ ಕಟ್ಟಿಕೊಡಿ ಎಂದು ಸರ್ಕಾರ ಕೇಳಲಿಲ್ಲ. ಪರಿಹಾರ ಇಂಥದ್ದೇ ಇರಲಿ ಎಂದಾಗಲಿ, ಅಧ್ಯಯನ ನಗರದ ಗಡಿಯೊಳಗೇ ಇರಲಿ ಎಂದಾಗಲಿ ಕಟ್ಟುಪಾಡು ಹಾಕಲಿಲ್ಲ. ಹಾಗಾಗಿ ಅವರು ಸಂಸ್ಥಾನದ ಮಳೆಯ ಲೆಕ್ಕಗಳ ಜೊತೆಗೆ ನೆರೆಯ ಮದ್ರಾಸ್, ಮುಂಬಯಿ ಪ್ರಾಂತಗಳ ದಾಖಲೆಗಳನ್ನೂ ತರಿಸಿ ನೋಡಿದರು. ಪ್ರವಾಹದ ಗರಿಷ್ಠ ಹರಿವು 4,25,000 ಕ್ಯೂಸೆಕ್ ಎಂದು ಅಂದಾಜಿಸಿದರು. ಅಷ್ಟು ನೀರನ್ನು ನಗರದ ನಡುವೆ ಸುರಕ್ಷಿತವಾಗಿ ಹರಿಸಲಾಗದು ಎಂದಾದ ಮೇಲೆ, ಅದನ್ನು ನಗರಕ್ಕೆ ಬರುವ ಮೊದಲೇ ತಡೆಯಬೇಕಾಯಿತು. ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯವನ್ನು ಸೂಚಿಸಿದರು. ನಗರದೊಳಗೆ ದಂಡೆಗಳನ್ನು ಎತ್ತರಿಸಿ ಉದ್ಯಾನಗಳಾಗಿ ರೂಪಿಸಲು ಹೇಳಿದರು. ಆ ಜಲಾಶಯಗಳಾದ ಮೂಸಿಯ ಉಸ್ಮಾನ್ ಸಾಗರ್ 1920ರಲ್ಲಿ, ಈಸಿಯ ಹಿಮಾಯತ್ ಸಾಗರ್ 1927ರಲ್ಲಿ ಪೂರ್ಣಗೊಂಡವು. ಮುಂದೆ ಅವು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಜಲಾಶಯಗಳು ಮೇಲೇಳುವಾಗ ಸಲಹೆಗಾರರು ಅಲ್ಲಿರಲಿಲ್ಲ. 1909ರ ನವೆಂಬರ್‌ನಲ್ಲೇ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟಿದ್ದರು. ವರದಿಯನ್ನು ಕೈಗೆತ್ತಿಕೊಂಡು ಎರಡು ದಶಕ ನಡೆಸಿದವರು ಸಂಸ್ಥಾನದ ಎಂಜಿನಿಯರುಗಳು. 1912ರಲ್ಲಿ ನಗರ ಸುಧಾರಣಾ ಮಂಡಳಿಯೂ ಹುಟ್ಟಿತು. ವ್ಯಕ್ತಿಪೂಜೆಯ ಭರದಲ್ಲಿ ನಾವು ಈ ಭಾಗವನ್ನು ಮರೆಯುತ್ತೇವೆ, ಅದು ಅನ್ಯಾಯ. ಒಳಚರಂಡಿ ಮಾತ್ರ ಹಿಂದುಳಿಯಿತು. ಅದಕ್ಕಾಗಿ 1922ರಲ್ಲಿ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆಸಬೇಕಾಯಿತು.

ಇಂದಿನ ಕರ್ನಾಟಕದಲ್ಲಿ ಇಂಥ ನೇರ ಆಹ್ವಾನಕ್ಕೆ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆ, 1999ರ ಕಲಂ 4(ಜಿ) ಅಡಿ ಟೆಂಡರಿನಿಂದ ವಿನಾಯಿತಿ ಬೇಕಾಗುತ್ತದೆ. ಆ ದಾರಿ ರೂಢಿಯಾಗಬಾರದು, ಸ್ಪರ್ಧೆಯೇ ಸರಿ. ಗುಣಮಟ್ಟ ಮತ್ತು ದರ ಎರಡಕ್ಕೂ ಅಂಕ ನೀಡುವ ಕ್ಯೂಸಿಬಿಎಸ್ ಪದ್ಧತಿ ಕಡಿಮೆ ದರವೊಂದನ್ನೇ ನೋಡುವ ಎಲ್-1ಕ್ಕಿಂತ ಎಷ್ಟೋ ಮೇಲು. ಆದರೆ ಅದು ಬಂದ ಅರ್ಜಿಗಳನ್ನಷ್ಟೇ ತೂಗುತ್ತದೆ, ಕೇಳಿದ ಪ್ರಶ್ನೆಯನ್ನಲ್ಲ.

ಪ್ರಶ್ನೆ ಸಂಕುಚಿತವಾದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯೇ ಸಾಕ್ಷಿ. 2014ರಲ್ಲಿ ಅದಕ್ಕೆ ಪರಿಸರ ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಪರಿಸರ ಪರಿಣಾಮ ವರದಿಯ ಮೂಲ ಅಂಕಿ ಅಂಶಗಳು 2009-10ರವು. ಆರಂಭದಲ್ಲಿ ನೂರರ ಲೆಕ್ಕದಲ್ಲಿದ್ದ ಕಡಿಯಬೇಕಾದ ಮರಗಳ ಸಂಖ್ಯೆ ಆಮೇಲೆ ಹದಿನಾರು ಸಾವಿರ ದಾಟಿತು. 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟ್, ಆಯಾ ವಲಯಕ್ಕೆ ಮಾನ್ಯತೆ ಪಡೆದ ಸಲಹೆಗಾರರಿಂದ ಹೊಸದಾಗಿ ತ್ವರಿತ ಅಧ್ಯಯನ ಮಾಡಿಸುವಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ (ಬಿಡಿಎ) ಆದೇಶಿಸಿತು. ಇಲ್ಲಿ ಸಲಹೆಗಾರರ ಲೋಪ ಒಂದು ಪಾಲು ಮಾತ್ರ. ರಸ್ತೆ ಎಲ್ಲಿ ಹೋಗಬೇಕೆಂದು ಮೊದಲೇ ತೀರ್ಮಾನಿಸಿ, ಅನುಮತಿಗೆ ಬೇಕಾದ ವರದಿಯನ್ನು ಯೋಜನೆಯ ಒಡೆಯನೇ ಹಣ ಕೊಟ್ಟು ಬರೆಸುವ ವ್ಯವಸ್ಥೆಯಲ್ಲಿ, ಬೇಡ ಎನ್ನುವ ಸ್ವಾತಂತ್ರ್ಯ ಯಾವ ತಜ್ಞನಿಗೂ ಸುಲಭವಾಗಿ ಸಿಗದು.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾದ ಮೇಲೆ ಈ ವಿಷಯ ಇನ್ನಷ್ಟು ತುರ್ತಾಗಿದೆ. ರಾಜಕಾಲುವೆಗಳಿಗೆ ಪಾಲಿಕೆಯ ಗಡಿ ಗೊತ್ತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ನಗರದ ನಡುಭಾಗದಿಂದ ಹೊರಟು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಒಂದೊಂದು ಪಾಲಿಕೆಯೂ ತನ್ನ ಪಾಲಿನ ಕಾಲುವೆಗಷ್ಟೇ ಸಲಹೆಗಾರರನ್ನು ಹಿಡಿದರೆ, ಬರುವುದು ಒಂದಕ್ಕೊಂದು ಕೂಡದ ಐದು ವಿಸ್ತೃತ ಯೋಜನಾ ವರದಿಗಳು (ಡಿಪಿಆರ್). ಮೇಲಿನವರು ಅಗಲಿಸಿದ ಕಾಲುವೆಯ ನೀರು ಕೆಳಗಿನವರ ಮನೆಗೆ ನುಗ್ಗುತ್ತದೆ. ಟಿಒಆರ್ ಪಾಲಿಕೆಗೊಂದರಂತೆ ಅಲ್ಲ, ಕಣಿವೆಗೊಂದರಂತೆ ಸಿದ್ಧವಾಗಬೇಕು. ಅದನ್ನು ಬರೆಯುವ, ಬಂದ ವರದಿಯ ಲೆಕ್ಕವನ್ನು ತಾವೇ ಪರೀಕ್ಷಿಸಬಲ್ಲ ಜಲವಿಜ್ಞಾನಿಗಳು ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕಾಯಂ ಸಿಬ್ಬಂದಿಯಾಗಿರಬೇಕು. ಮೊದಲ ಟೆಂಡರ್ ಕರೆಯುವುದಕ್ಕೂ ಮುಂಚೆ ಆ ಹುದ್ದೆಗಳು ಭರ್ತಿಯಾಗಬೇಕು.