ಮುತ್ತಿಗೆಯ ನಡುವೆ ಒಂದು ಕ್ರಯಪತ್ರ: ಯೆರೆಮೀಯನ ಪ್ರವಾದನೆಯಲ್ಲಿ ಭರವಸೆಯ ಸ್ವರೂಪ

ಪ್ರವಾದನೆಯೆಂದರೆ ಮುಂದಾಗುವುದನ್ನು ಮೊದಲೇ ಹೇಳುವುದು ಎಂಬ ಭಾವನೆ ಸಾಮಾನ್ಯವಾಗಿ ರೂಢಿಯಲ್ಲಿದೆ. ಆದರೆ ಹೀಬ್ರೂ ಪ್ರವಾದಿಗಳು ಮುಖ್ಯವಾಗಿ ತಮ್ಮ ಕಾಲದ ಜನರನ್ನು ಉದ್ದೇಶಿಸಿ, ಆ ಕಾಲದ ಸಂಕಟಗಳನ್ನು ಕುರಿತು ಮಾತನಾಡಿದವರು. ಭೀತಿಗ್ರಸ್ತವಾದ ಸಮಾಜಕ್ಕೆ ಅವರು ನೀಡಿದ ಧೈರ್ಯ ಎಂತಹದು? ಯೆರೆಮೀಯನ ನಿದರ್ಶನದಿಂದ ಇದನ್ನು ವಿಚಾರಮಾಡಬಹುದು.

ಕ್ರಿ. ಪೂ. ೬೦೫ರಲ್ಲಿ ಕರ್ಕೆಮೀಷಿನ ಕದನದಲ್ಲಿ ಈಜಿಪ್ಟಿನ ಸೇನೆಯನ್ನು ಸೋಲಿಸಿದ ಬಾಬಿಲೋನ್, ಯೆಹೂದದಂತಹ ಸಣ್ಣ ರಾಜ್ಯಗಳ ಭಾಗ್ಯವಿಧಾತೃವಾಯಿತು. ಕ್ರಿ. ಪೂ. ೫೯೭ರಲ್ಲಿ ನೆಬೂಕದ್ನೆಚ್ಚರನು ಜೆರುಸಲೇಮನ್ನು ವಶಪಡಿಸಿಕೊಂಡುದು ಬಾಬಿಲೋನಿನ ವೃತ್ತಾಂತಫಲಕದಲ್ಲಿಯೂ ದಾಖಲಾಗಿದೆ. ರಾಜ ಯೆಹೋಯಾಖೀನನೊಡನೆ ಅಧಿಕಾರಿಗಳೂ ಕುಶಲಕರ್ಮಿಗಳೂ ಸೆರೆಯಾಗಿ ಹೋದರು. ಚಿದ್ಕೀಯನು ಸಾಮಂತನಾಗಿ ಸಿಂಹಾಸನವೇರಿದನು.

ಆಗ ಎರಡು ಬಗೆಯ ಪ್ರವಾದನೆಗಳು ಎದುರುಬದುರಾದುವು. ಎರಡೇ ವರ್ಷಗಳಲ್ಲಿ ಸೆರೆಯಾಳುಗಳು ಹಿಂದಿರುಗುವರೆಂದು ಹನನ್ಯನು ಸಾರಿದನು. ಯೆರೆಮೀಯನಾದರೋ ಸೆರೆಹೋದವರಿಗೆ ಪತ್ರ ಬರೆದು, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡುವಂತೆಯೂ, ತಾವಿರುವ ಪಟ್ಟಣದ ಕ್ಷೇಮವನ್ನು ಬಯಸುವಂತೆಯೂ ತಿಳಿಸಿದನು. ಬಿಡುಗಡೆ ಎಪ್ಪತ್ತು ವರ್ಷಗಳ ಅನಂತರ ಎಂದನು. ಕೇಳಿದವರಲ್ಲಿ ಅನೇಕರಿಗೆ ಅದು ತಮ್ಮ ಜೀವಿತಕಾಲದಲ್ಲಿ ಕೈಗೂಡದ ಬಿಡುಗಡೆ. ಹನನ್ಯನ ಮಾತು ಹಿತವಾಗಿತ್ತು, ಯೆರೆಮೀಯನದು ಅಪ್ರಿಯವಾಗಿತ್ತು. ಆದರೆ ಎರಡು ವರ್ಷಗಳು ಕಳೆದರೂ ಯಾರೂ ಮರಳಲಿಲ್ಲ.

ಮುಂದೆ ಚಿದ್ಕೀಯನು ದಂಗೆಯೆದ್ದುದರಿಂದ ಬಾಬಿಲೋನಿನ ಸೇನೆ ಮತ್ತೆ ಬಂದಿತು. ಆ ದಿನಗಳ ಆತಂಕಕ್ಕೆ ಸಮಕಾಲೀನ ಸಾಕ್ಷ್ಯವೂ ಉಂಟು. ೧೯೩೫ರಲ್ಲಿ ಲಾಕೀಷಿನ ಉತ್ಖನನದಲ್ಲಿ, ಮಡಕೆಯ ಚೂರುಗಳ ಮೇಲೆ ಮಸಿಯಿಂದ ಬರೆದ ಓಲೆಗಳು ದೊರೆತುವು. ತಾವು ಲಾಕೀಷಿನ ಸಂಕೇತಗಳನ್ನು ಎದುರುನೋಡುತ್ತಿರುವುದಾಗಿಯೂ, ಅಜೇಕವು ಕಾಣಿಸುತ್ತಿಲ್ಲವೆಂದೂ ಒಬ್ಬನು ತನ್ನ ಮೇಲಧಿಕಾರಿಗೆ ತಿಳಿಸಿದ್ದಾನೆ.

ಜೆರುಸಲೇಮ್ ಮುತ್ತಿಗೆಗೆ ಸಿಕ್ಕಿದ್ದಾಗ ಯೆರೆಮೀಯನು ಕಾವಲಿನ ಅಂಗಳದಲ್ಲಿ ಬಂಧಿಯಾಗಿದ್ದನು. ನಗರವು ಬೀಳುವುದೆಂದು ಅವನು ಸಾರಿದ್ದುದೇ ಅವನ ಅಪರಾಧ. ಅಲ್ಲಿಗೆ ದಾಯಾದಿ ಹನಮೇಲನು ಬಂದು, ಅನಾತೋತಿನ ಹೊಲವನ್ನು ಕೊಳ್ಳುವಂತೆ ಕೇಳಿದನು. ಯೆರೆಮೀಯನು ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿಗಳ ಸಹಿ ಪಡೆದು, ಮುದ್ರೆಯೊತ್ತಿದ ಪತ್ರವನ್ನೂ ತೆರೆದ ಪತ್ರವನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡಲು ಲಿಪಿಕಾರ ಬಾರೂಕನಿಗೆ ಒಪ್ಪಿಸಿದನು. ಆ ನೆಲದಲ್ಲಿ ಮತ್ತೆ ಕ್ರಯವಿಕ್ರಯಗಳು ನಡೆಯುವುವು ಎಂಬುದೇ ಈ ಕ್ರಿಯೆಯ ಅರ್ಥ. ಶಾಸನಗಳ ಪರಿಚಯವುಳ್ಳವರಿಗೆ ಬೆಲೆ, ಸಾಕ್ಷಿ, ಮುದ್ರೆಗಳ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಯೆರೆಮೀಯನ ಗ್ರಂಥವು ಅನಂತರದ ಸಂಪಾದಕರ ಕೈಯಲ್ಲಿ ಬೆಳೆದುದಾದ್ದರಿಂದ ಅದರ ಪ್ರತಿಯೊಂದು ವಿವರವನ್ನೂ ಸಿದ್ಧಸತ್ಯವೆಂದು ಇತಿಹಾಸಕಾರನು ಸ್ವೀಕರಿಸಲಾರನು. ಎಪ್ಪತ್ತು ವರ್ಷಗಳ ಲೆಕ್ಕವೂ ಕರಾರುವಾಕ್ಕಾದುದಲ್ಲ, ಕ್ರಿ. ಪೂ. ೫೮೭ ಅಥವಾ ೫೮೬ರಲ್ಲಿ ನಗರವು ಬಿದ್ದಂದಿನಿಂದ ಕ್ರಿ. ಪೂ. ೫೩೯ರಲ್ಲಿ ಸೈರಸನು ಬಾಬಿಲೋನನ್ನು ಗೆಲ್ಲುವವರೆಗೆ ೫೦ ವರ್ಷಗಳೂ ತುಂಬುವುದಿಲ್ಲ. ಅದನ್ನು ಒಂದು ಪೂರ್ಣ ಜೀವಿತಾವಧಿಯ ಸೂಚಕವೆಂದು ತಿಳಿಯುವುದೇ ಸಮಂಜಸ. ಆದರೆ ಪತ್ರದಲ್ಲಿ ಹೇಳಿದ ಬಾಳು ಕೇವಲ ಕಲ್ಪನೆಯಾಗಿರಲಿಲ್ಲ. ೨೦೧೪ರಲ್ಲಿ ಪ್ರಕಟವಾದ ಕ್ಯೂನಿಫಾರ್ಮ್ ಫಲಕಗಳಲ್ಲಿ, ಬಾಬಿಲೋನಿಯದ ‘ಅಲ್-ಯಾಹೂದು’ ಎಂಬ ಊರಿನ ಯೆಹೂದ್ಯರು ಬೇಸಾಯ ಮಾಡಿ, ತೆರಿಗೆ ಕೊಟ್ಟು, ಕರಾರುಗಳಿಗೆ ಸಾಕ್ಷಿಯಾಗುತ್ತಿದ್ದ ಚಿತ್ರ ದೊರೆಯುತ್ತದೆ. ಇವುಗಳಲ್ಲಿ ಅತ್ಯಂತ ಹಳೆಯದು ಕ್ರಿ. ಪೂ. ೫೭೨ರದು. ಅವರು ಯೆರೆಮೀಯನ ಪತ್ರವನ್ನು ಅನುಸರಿಸಿದರೆಂದು ಇದರಿಂದ ಸಿದ್ಧವಾಗದು. ಅಂತಹ ಬಾಳು ಸಾಧ್ಯವಾಗಿತ್ತೆಂಬುದು ಮಾತ್ರ ಸ್ಪಷ್ಟವಾಗುತ್ತದೆ.

ಗ್ರಂಥದ ಪ್ರಕಾರ, ಯೆರೆಮೀಯನನ್ನು ಕೊನೆಗೆ ಅವನ ಜನರೇ ಈಜಿಪ್ಟಿಗೆ ಕರೆದೊಯ್ದರು. ತಾನು ಕೊಂಡ ಹೊಲದಲ್ಲಿ ಅವನು ಉತ್ತು ಬಿತ್ತಿದ ಸುದ್ದಿ ಅಲ್ಲಿಲ್ಲ. ನಗರವು ಬೀಳುವುದೆಂದು ಹೇಳಿದವನೇ ಹೊಲಕ್ಕೆ ಬೆಲೆ ಕೊಟ್ಟನು. ಅಪಾಯವಿಲ್ಲವೆಂದು ನಂಬಿಸುವುದು ಹನನ್ಯನ ಭರವಸೆ. ಅಪಾಯವನ್ನು ಪೂರ್ಣವಾಗಿ ಒಪ್ಪಿಕೊಂಡು, ಅದರಾಚೆಗಿನ ಜನರಿಗಾಗಿ ಇಂದೇ ಮಾಡಬೇಕಾದುದನ್ನು ಮಾಡುವುದು ಯೆರೆಮೀಯನ ಭರವಸೆ. ಆತಂಕದ ಕಾಲಗಳಲ್ಲಿ ಮೊದಲನೆಯದೇ ಹೆಚ್ಚು ಜನಪ್ರಿಯವಾಗುವುದು ಸಹಜ. ಆದರೆ ನಾಡು ಕಳೆದುಕೊಂಡ ಜನಾಂಗವೊಂದು ಶತಮಾನಗಳವರೆಗೆ ಕಾಪಾಡಿಕೊಂಡು ಬಂದುದು ಎರಡನೆಯವನ ಮಾತುಗಳನ್ನು.