ನದಿಯಿಲ್ಲದ ನಗರ

ನಮ್ಮ ನಾಡಿನ ಹಳೆಯ ರಾಜಧಾನಿಗಳನ್ನು ಒಮ್ಮೆ ನೆನೆದುಕೊಳ್ಳಿ. ಬನವಾಸಿಗೆ ವರದೆ, ತಲಕಾಡು ಶ್ರೀರಂಗಪಟ್ಟಣಗಳಿಗೆ ಕಾವೇರಿ, ಹಂಪೆಗೆ ತುಂಗಭದ್ರೆ. ಬೆಂಗಳೂರಿಗೆ ಯಾವ ಹೊಳೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ವಿದ್ಯಾರ್ಥಿಗಳು ಸುಮ್ಮನಾಗಿಬಿಡುತ್ತಿದ್ದರು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವುದೆಂದು ಜನ ನಂಬಿರುವ ವೃಷಭಾವತಿ ಒಂದು ತೊರೆಯೇ ಹೊರತು ಊರನ್ನು ಸಾಕುವ ಹೊಳೆಯಲ್ಲ.

ಊರು ನಿಂತಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ. ಪಡುವಣಕ್ಕೆ ಇಳಿದ ಮಳೆನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೂ, ಮೂಡಣಕ್ಕೆ ಇಳಿದದ್ದು ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ನೀರು ಇಲ್ಲಿಂದ ಹೊರಟುಹೋಗುತ್ತದೆ. ಇಲ್ಲಿಗೆ ತಾನಾಗಿ ಬರುವುದಿಲ್ಲ.

ಈ ಸ್ಥಿತಿಯನ್ನು ಕುರಿತು ಯೋಚಿಸುವಾಗ ನನಗೆ ಥಾರ್ ಮರುಭೂಮಿಯ ಜೈಸಲ್ಮೇರ್ ನೆನಪಾಗುತ್ತದೆ. 1156ರಲ್ಲಿ ಸ್ಥಾಪನೆಯಾದ ಊರು ಅದು. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 20 ಸೆಂಟಿಮೀಟರು. ನಮ್ಮಲ್ಲಿ ಅದರ ನಾಲ್ಕು ಪಾಲಿಗೂ ಮಿಗಿಲು. ಆದರೂ ಎರಡು ಊರುಗಳ ಬದುಕಿನ ಸೂತ್ರ ಒಂದೇ ಆಗಿದ್ದಿತು: ಬಿದ್ದ ಮಳೆಯನ್ನು ಕಟ್ಟಿ ನಿಲ್ಲಿಸುವುದು, ದಾರಿ ಹಿಡಿದು ಬಂದ ವರ್ತಕನನ್ನು ಕರೆದು ಕೂರಿಸುವುದು. ಅಲ್ಲಿ ಗಡಿಸರ್ ಕೆರೆ, ಒಂಟೆಗಳ ಸಾಲು. ಇಲ್ಲಿ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳು, ಹೇರೆತ್ತುಗಳ ಸಾಲು. ಅಂಬುಧಿಯೆಂದರೆ ಕಡಲು. ಹೊಳೆಯನ್ನೇ ಕಾಣದ ಊರಿನವರು ತಮ್ಮ ಕೆರೆಯನ್ನು ಕಡಲೆಂದು ಕರೆದರು. ಆ ಹೆಸರಿನಲ್ಲಿ ಎಷ್ಟು ಹೆಮ್ಮೆ, ಎಷ್ಟು ಕೃತಜ್ಞತೆ!

1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಪೇಟೆಯ ಬೀದಿಗಳ ಹೆಸರುಗಳೇ ಅದರ ಆರ್ಥಿಕ ಚರಿತ್ರೆ. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರೇಷ್ಮೆ ಮತ್ತು ಹತ್ತಿಯ ನೇಕಾರರನ್ನೂ, ನೂಲಿಗೆ ಬಣ್ಣ ಕಟ್ಟುವ ಕ್ರಮವನ್ನೂ, ಗಾಣಗಳನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ಈ ಕಸುಬುಗಳಲ್ಲಿ ನೀರಿನ ಹಂಗಿಲ್ಲದ್ದು ಯಾವುದಿದೆ? ನೂಲನ್ನು ಅದ್ದಲು ನೀರು ಬೇಕು, ಮಡಕೆಯ ಮಣ್ಣನ್ನು ಹದಮಾಡಲು ನೀರು ಬೇಕು, ತಿಗಳರ ಹೂವು ತರಕಾರಿಯ ತೋಟಗಳಿಗೆ ಕೆರೆಯೇ ಬೇಕು. ಊರಿನ ದುಡಿಮೆ ಕೆರೆಯನ್ನು ನೆಚ್ಚಿತ್ತು. ಕೆರೆ ಊರಿನ ಎಚ್ಚರವನ್ನು ನೆಚ್ಚಿತ್ತು.

ನಮ್ಮ ಮಹೋತ್ಸವವಾದ ಕರಗವನ್ನೇ ನೋಡಿ. ಕರಗವೆಂದರೆ ನೀರಿನ ಪಾತ್ರೆ. ತೋಟಗಾರಿಕೆಯ ಕುಲದವರಾದ ತಿಗಳರು ಚೈತ್ರದ ಹುಣ್ಣಿಮೆಯ ಇರುಳು ಅದನ್ನು ಹೊತ್ತು ಪೇಟೆಯ ಬೀದಿಗಳಲ್ಲಿ ಸಾಗುತ್ತಾರೆ. ನೀರನ್ನು ತಲೆಯ ಮೇಲಿಟ್ಟು ಪೂಜಿಸುವ ಬುದ್ಧಿ ಹೊಳೆಯಿಲ್ಲದ ಊರಿಗೆ ಒಪ್ಪುವಂಥದು.

ಬದಲಾವಣೆ ಕೊಳವೆಯ ಮೂಲಕ ಬಂದಿತು. 1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಈ ಕೊಳವೆಯ ಕಾಲದ ಮಕ್ಕಳು. ಮನೆಬಾಗಿಲಿಗೆ ಬಂದ ಶುದ್ಧ ನೀರು ರೋಗಗಳನ್ನು ತಗ್ಗಿಸಿತು. ಅದನ್ನು ಹಳಿಯುವುದು ಅನ್ಯಾಯ. ಆದರೆ ನಲ್ಲಿಯನ್ನು ಕಂಡ ಊರು ಕೆರೆಯನ್ನು ಬರಿಯ ಖಾಲಿ ನಿವೇಶನವೆಂದು ಎಣಿಸಿತು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಳಿಗೆಂದು ಪಕ್ಕದಲ್ಲಿ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ. ಆ ಕೊಳದ ಅಂಚಿನಲ್ಲಿ ನಿಂತಾಗ ನನಗೆ ಭಕ್ತಿಗಿಂತ ನಾಚಿಕೆಯೇ ಹೆಚ್ಚಾದದ್ದುಂಟು.

ಸುಮಾರು 100 ಕಿಲೋಮೀಟರು ದೂರದಿಂದ, ಬೆಟ್ಟದೆತ್ತರಕ್ಕೆ ಎತ್ತಿ ತರುವ ನೀರನ್ನು ನಾವು ಕುಡಿಯುತ್ತಿದ್ದೇವೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಮುಂದೆ ಕೊಡಗಳು ಸಾಲುನಿಂತಾಗ, ಹಿರಿಯರು ಬಲ್ಲ ಪಾಠ ನಮಗೆ ಮತ್ತೆ ಎದುರಾಯಿತು.

ಕೆಂಪಾಂಬುಧಿ ಇನ್ನೂ ಉಳಿದಿದೆ. ಮಲ್ಲೇಶ್ವರದ ಬಳಿ 1882ರ ಸ್ಯಾಂಕಿ ಕೆರೆಯೂ ಇದೆ. ಮೊದಲ ಮಳೆ ಬಿದ್ದ ಮರುದಿನ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಇವುಗಳ ಏರಿಯ ಮೇಲೆ ನಿಲ್ಲಿಸಿ. ನೀರು ಯಾವ ದಿಕ್ಕಿನಿಂದ ಬಂದು ಕೆರೆಯನ್ನು ಸೇರುತ್ತದೆ, ಎಲ್ಲಿ ತಡೆದು ನಿಂತಿದೆ ಎಂಬುದನ್ನು ತೋರಿಸಿ. ನಮ್ಮ ಊರಿನ ಚರಿತ್ರೆಯ ಮೊದಲ ಪಾಠ ಅಲ್ಲಿಂದ ಆರಂಭವಾಗಲಿ.