ರೈಖೆನೌ: ಸರೋವರದ ನಡುವಣ ಮಠ

ಜರ್ಮನಿಯ ದಕ್ಷಿಣದ ಅಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡಿರುವ ಕಾನ್‌ಸ್ಟನ್ಸ್ ಸರೋವರದ ಪಶ್ಚಿಮ ಭಾಗದಲ್ಲಿ ರೈಖೆನೌ ಎಂಬ ದ್ವೀಪವಿದೆ. ಪಿರ್ಮಿನ್ ಎಂಬ ಸಂಚಾರಿ ಬಿಷಪ್ 724ರಲ್ಲಿ, ಫ್ರಾಂಕರ ಅಧಿಪತಿಯಾಗಿದ್ದ ಚಾರ್ಲ್ಸ್ ಮಾರ್ಟೆಲನ ಆಶ್ರಯ ಪಡೆದು ಇಲ್ಲಿ ಮಠವನ್ನು ಸ್ಥಾಪಿಸಿದನು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ರೂಪಿಸಿದ ನಿಯಮಾವಳಿಯಂತೆ ಪ್ರಾರ್ಥನೆ, ಅಧ್ಯಯನ, ದೈಹಿಕ ದುಡಿಮೆಗಳಲ್ಲಿ ದಿನವನ್ನು ಹಂಚಿಕೊಂಡು ಬಾಳುವ ಸನ್ಯಾಸಿಗಳನ್ನು ಬೆನೆಡಿಕ್ಟೀನರು ಎನ್ನುತ್ತಾರೆ. ದೀಕ್ಷೆ ಪಡೆದ ಮಠದಲ್ಲೇ ಕೊನೆಯುಸಿರಿನವರೆಗೆ ನೆಲೆಸುವುದು ಅವರ ಪ್ರಮುಖ ವ್ರತಗಳಲ್ಲೊಂದು. ಇಂಥ ವ್ರತವೂ ಸುತ್ತ ನೀರೂ ಕೂಡಿದಲ್ಲಿ ಲೋಕದ ಗೊಡವೆಯಿಲ್ಲದ ಏಕಾಂತವನ್ನು ಊಹಿಸಿಕೊಳ್ಳುವುದು ಸಹಜವಾದರೂ, ರೈಖೆನೌದ ಇತಿಹಾಸ ಆ ಊಹೆಯನ್ನು ಎತ್ತಿಹಿಡಿಯುವುದಿಲ್ಲ. ಮಾರ್ಟೆಲನ ವಿರೋಧಿಯಾಗಿದ್ದ ಸ್ಥಳೀಯ ಅಲೆಮಾನಿ ದೊರೆಯ ಹಗೆತನದಿಂದಾಗಿ ಸ್ವತಃ ಪಿರ್ಮಿನನೇ ಮೂರು ವರ್ಷಗಳಲ್ಲಿ ದ್ವೀಪವನ್ನು ತೊರೆಯಬೇಕಾಯಿತು.

ಮುಂದಿನ ಮಠಾಧಿಪತಿಗಳು ಅರಮನೆಗೆ ಇನ್ನೂ ಹತ್ತಿರದವರಾಗಿದ್ದರು. 806ರಲ್ಲಿ ಅಧಿಕಾರಕ್ಕೆ ಬಂದ ಹೈಟೊ ಬಾಸೆಲ್ ನಗರದ ಬಿಷಪನೂ ಆಗಿದ್ದು, 811ರಲ್ಲಿ ಚಕ್ರವರ್ತಿ ಶಾರ್ಲಮೇನನ ರಾಯಭಾರಿಯಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿಬಂದನು; ದ್ವೀಪದ ಮಧ್ಯದಲ್ಲಿ ಶಿಲುಬೆಯಾಕಾರದ ದೊಡ್ಡ ಚರ್ಚನ್ನು ಕಟ್ಟಿಸಿ 816ರಲ್ಲಿ ಅದರ ಪ್ರತಿಷ್ಠೆ ನೆರವೇರಿಸಿದವನೂ ಅವನೇ. ಹಲವು ಮಠಗಳ ಜೀವಂತ ಮತ್ತು ಮೃತ ಸದಸ್ಯರನ್ನು ಪ್ರಾರ್ಥನೆಯಲ್ಲಿ ಸ್ಮರಿಸಲೆಂದು 824ರ ಸುಮಾರಿಗೆ ಆರಂಭವಾದ ಬಾಂಧವ್ಯ ಗ್ರಂಥದಲ್ಲಿ ಕ್ರಮೇಣ ಸುಮಾರು 38,000 ಹೆಸರುಗಳು ಸೇರಿದವು. ಗ್ರಂಥಪಾಲಕ ರೆಗಿನ್‌ಬರ್ಟ್ 821-22ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ ನಾನೂರಕ್ಕೂ ಮಿಕ್ಕಿದ ಪುಸ್ತಕಗಳಿದ್ದವು. ಪ್ರತಿಯೊಂದನ್ನೂ ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯಬೇಕಿದ್ದ ಕಾಲಕ್ಕೆ ಇದು ಅಪಾರ ಸಂಪತ್ತು.

ಆ ಕಾಲದ ಮಠಜೀವನದ ಕಲ್ಪನೆ ಅತ್ಯಂತ ಸ್ಫುಟವಾಗಿ ಮೂಡಿರುವುದು ಸಂತ ಗಾಲ್ ಮಠದ ಅಧಿಪತಿ ಗೋಸ್‌ಬರ್ಟನಿಗಾಗಿ ರೈಖೆನೌದಲ್ಲಿ ರಚಿತವಾದ ನಕ್ಷೆಯಲ್ಲಿ. ಐದು ಚರ್ಮದ ತುಂಡುಗಳನ್ನು ಹೊಲಿದು ಜೋಡಿಸಿ, ಕೆಂಪು ಮಸಿಯಲ್ಲಿ ಗೆರೆ ಎಳೆದಿರುವ ಅದರಲ್ಲಿ ಚರ್ಚು, ಶಾಲೆ, ಆಸ್ಪತ್ರೆ, ರೊಟ್ಟಿ ಬೇಯಿಸುವ ಮನೆ, ಬಿಯರ್ ತಯಾರಿಸುವ ಮನೆ, ಗಿಡಮೂಲಿಕೆಯ ತೋಟಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿವೆ. ಕೋಳಿಗಳಿಗೊಂದು, ಹೆಬ್ಬಾತುಗಳಿಗೊಂದು ದುಂಡನೆಯ ಗೂಡನ್ನೂ ಅವುಗಳ ನಡುವೆ ಪಾಲಕನ ಮನೆಯನ್ನೂ ಗುರುತಿಸಲಾಗಿದೆ. ಸನ್ಯಾಸಿಗಳ ಸಮಾಧಿಗಳ ಮಧ್ಯೆ ಹಣ್ಣಿನ ಮರಗಳನ್ನು ನೆಡಬೇಕೆಂಬ ಸೂಚನೆಯಿದೆ. ಈ ನಕ್ಷೆಯಂತೆ ಯಾವ ಮಠವೂ ಯಥಾವತ್ತಾಗಿ ಕಟ್ಟಲ್ಪಡಲಿಲ್ಲವಾದರೂ, ಹನ್ನೆರಡನೆಯ ಶತಮಾನದಲ್ಲಿ ಯಾರೋ ಅದರ ಹಿಂಬದಿಯಲ್ಲಿ ಸಂತ ಮಾರ್ಟಿನನ ಚರಿತ್ರೆಯನ್ನು ಬರೆದು, ಇಡೀ ಹಾಳೆಯನ್ನು ಪುಸ್ತಕದಂತೆ ಮಡಚಿಟ್ಟದ್ದು ಅದರ ಉಳಿವಿಗೆ ನೆರವಾಯಿತು.

838ರಲ್ಲಿ ಮಠಾಧಿಪತಿಯಾದ ವಾಲಫ್ರಿಡ್ ಸ್ಟ್ರಾಬೊ ತೋಟಗಾರಿಕೆಯ ಕುರಿತು ಬರೆದ ಲ್ಯಾಟಿನ್ ಕಾವ್ಯಕ್ಕಾಗಿ ಪ್ರಸಿದ್ಧನಾಗಿದ್ದಾನೆ. ಮಣ್ಣು, ಗೊಬ್ಬರಗಳಿಗೂ ಕಾವ್ಯದಲ್ಲಿ ಎಡೆಗೊಟ್ಟ ಈ ಕವಿ 849ರಲ್ಲಿ ರಾಜಕಾರ್ಯದ ನಿಮಿತ್ತ ಪ್ರಯಾಣಿಸುತ್ತಿದ್ದಾಗ ಲ್ವಾರ್ ನದಿಯಲ್ಲಿ ಮುಳುಗಿ ಸತ್ತನು. ಹತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಲಿಪಿಕಾರರೂ ಚಿತ್ರಕಾರರೂ ಸಾಮ್ರಾಟರಿಗೆ, ಆರ್ಚ್‌ಬಿಷಪರಿಗೆ ಚಿನ್ನದ ಹಿನ್ನೆಲೆಯ ಸಚಿತ್ರ ಗ್ರಂಥಗಳನ್ನು ಸಿದ್ಧಪಡಿಸಿಕೊಟ್ಟರೆಂಬುದು ಬಹುಮಂದಿ ವಿದ್ವಾಂಸರ ಮತ. ಎದ್ದು ನಡೆಯಲಾಗದಷ್ಟು ಅಂಗವೈಕಲ್ಯವಿದ್ದ ಸನ್ಯಾಸಿ ಹೆರ್ಮಾನ್ 1054ರಲ್ಲಿ ತೀರಿಕೊಳ್ಳುವ ಮುನ್ನ, ನಕ್ಷತ್ರಗಳ ಎತ್ತರವನ್ನು ಅಳೆಯುವ ಆಸ್ಟ್ರೋಲೇಬ್ ಉಪಕರಣದ ಬಗೆಗೂ ಜಗತ್ತಿನ ಕಾಲಾನುಕ್ರಮ ಚರಿತ್ರೆಯ ಬಗೆಗೂ ಬರೆದಿಟ್ಟನು.

ಅರಸರ ಒಲವಿನಿಂದ ಬೆಳೆದ ಮಠಕ್ಕೆ ಆ ಒಲವು ಕ್ಷೀಣಿಸಿದಾಗ ಊರುಗೋಲು ಉಳಿಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಠದವರೇ ಹಳೆಯ ದಾನಪತ್ರಗಳನ್ನು ತಮ್ಮ ಹಕ್ಕುಗಳಿಗೆ ಅನುಕೂಲವಾಗುವಂತೆ ನಕಲಿಯಾಗಿ ಸೃಷ್ಟಿಸಿದರು. ಸ್ಥಾಪನೆಯ ಶಾಸನವೆಂದು ಬಹುಕಾಲ ನಂಬಿದ್ದ ಪತ್ರವೂ ಅವುಗಳಲ್ಲೊಂದು. ಪುಸ್ತಕವಿದ್ಯೆಯ ಅದೇ ಕೌಶಲ ಇಂಥ ಕೆಲಸಕ್ಕೆ ಬಳಕೆಯಾದದ್ದು ವಿಷಾದದ ಸಂಗತಿಯೇ ಸರಿ. 1540ರಲ್ಲಿ ಮಠವು ಕಾನ್‌ಸ್ಟನ್ಸಿನ ಬಿಷಪನ ಅಧೀನಕ್ಕೆ ಸೇರಿತು. 1757ರಲ್ಲಿ ಸನ್ಯಾಸಿಗಳ ಸಂಘ ವಿಸರ್ಜನೆಗೊಂಡಿತು. ಮಠದಲ್ಲಿ ಉಳಿದಿದ್ದ ಹಸ್ತಪ್ರತಿಗಳ ಬಹುಭಾಗ ಈಗ ಕಾರ್ಲ್ಸ್‌ರುಹೆಯ ಗ್ರಂಥಾಲಯದಲ್ಲಿದ್ದು, ಮೂರು ಪ್ರಾಚೀನ ಚರ್ಚುಗಳು ನಿಂತಿರುವ ದ್ವೀಪವನ್ನು 2000ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.